ಜರುಗದ ಸೀಟು

ಕಾಗವಾಡದ ಮಾಯಪ್ಪ ಮಿಸ್ತ್ರಿಗೆ ಮನುಷ್ಯರೊಡನೆ ಮಾತಾಡುವಾಗ ಮೂಗಿನ ತುದಿಯಲ್ಲೇ ಸಿಟ್ಟು; ತುಕ್ಕು ಹಿಡಿದ ನಟ್ಟಿನೊಡನೆ ಮಾತ್ರ ಹಡೆದ ತಾಯಿಯ ತಾಳ್ಮೆ. ಉಗಾರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಕೆಳಗೆ ಮಲಗಿ ಕಲಿತ ಕೆಲಸ ಅವನದು. ಕಚ್ಚಿಕೊಂಡ ನಟ್ಟನ್ನು ಅವನು ಎಂದೂ ನೇರ ಬಿಚ್ಚಲು ಹೋಗುತ್ತಿರಲಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದ, ಆಮೇಲೆ ಸಡಿಲಿಸುತ್ತಿದ್ದ. ಸೀಮೆಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ, ಚಹಾ ಕುಡಿಯಲು ಎದ್ದು ಹೋಗುತ್ತಿದ್ದ. "ನಟ್ಟ ರಮಿಸಿದಷ್ಟು ನನ್ನ ಒಂದಿನಾ ರಮಿಸಲಿಲ್ಲ ನೋಡ್ರಿ," ಎಂದು ಹೆಂಡತಿ ಮಲಕವ್ವ ಬಂದವರೆದುರು ಹೇಳಿ ನಗುತ್ತಿದ್ದಳು.

ಎಂಬತ್ತೇಳರ ಚಳಿಗಾಲದಲ್ಲಿ ದ್ರಾಕ್ಷಿ ತೋಟದ ಕಸ್ತೂರೆವ್ವನ ಹಳೆಯ ಫಿಯಾಟ್ ಕಾರು ಅವನ ಗ್ಯಾರೇಜಿಗೆ ಬಂತು. ಓಡಿಸಿಕೊಂಡು ಬಂದವನು ಅವಳ ಮೈದುನ ಬಾಬಾಸಾಹೇಬ; ಅವಳು ಪಕ್ಕದಲ್ಲಿ ಕೂತು ಬಂದಿದ್ದಳು. ಅವಳ ಗಂಡ ರಾವಸಾಹೇಬ ತೀರಿಕೊಂಡು ವರ್ಷವಾಗಿತ್ತು.

ರಾವಸಾಹೇಬ ಆರಡಿ ಆಳು. ಹೆಂಡತಿಗೆ ತೋಟದ ದಾರಿಯಲ್ಲಿ ಕಾರು ಕಲಿಸಿದ್ದವನು ಅವನೇ. ಆಗಿನ್ನೂ ಸೀಟು ಹಿಂದೆ ಮುಂದೆ ಜರುಗುತ್ತಿತ್ತು. ಆಮೇಲೆ ಬಳ್ಳಿಗೆ ಹೊಡೆಯುವ ಮೈಲುತುತ್ತದ ಚೀಲಗಳನ್ನು ಅದೇ ಕಾರಿನಲ್ಲಿ ಹೇರತೊಡಗಿದ. ಮನೆಯಲ್ಲೇ ಗಾಡಿ ಇರುವಾಗ ಟೆಂಪೋ ಯಾಕೆ ಎಂಬುದು ಅವನ ವಾದ. ಸೋರಿದ ಪುಡಿ, ಮಳೆಯ ನೀರು ಕೂಡಿ ಸೀಟಿನ ಅಡಿಯ ಹಳಿಗಳನ್ನು ತಿಂದವು. ಸೀಟು ಅವನ ಉದ್ದ ಕಾಲಿಗೆ ಹೊಂದುವ ಜಾಗದಲ್ಲೇ ಕಚ್ಚಿ ಕೂತುಬಿಟ್ಟಿತು.

ಕಸ್ತೂರೆವ್ವ ಗಿಡ್ಡ. ಗಂಡ ಹೋದ ಮೇಲೆ ಬೆನ್ನಿಗೆ ತಲೆದಿಂಬು ಇಟ್ಟುಕೊಂಡು ಧೈರ್ಯ ಮಾಡಿ ಹೊರಟವಳು, ಬ್ರೇಕು ತುಳಿಯುವಾಗ ದಿಂಬಿನೊಳಗೆ ಹೂತುಹೋಗಿ, ಕಾಲು ಮುಟ್ಟದೆ, ಬಳ್ಳಿಯ ಕಲ್ಲುಗಂಬಕ್ಕೆ ಗುದ್ದಿದ್ದಳು.

"ಸುಮ್ನ ಗುಜರಿಗೆ ಹಾಕೂಣು ವೈನಿ. ಮಿರಜ ಮಾರ್ಕೆಟ್ಟಿಗೆ ನಾ ಹೋಗಿ ಬರ್ತೀನಲ್ಲ," ಎಂದ ಬಾಬಾಸಾಹೇಬ.

"ನನ್ನ ತ್ವಾಟದ ದ್ರಾಕ್ಷಿಗೆ ಏನ ಧಾರಣಿ ಆತಂತ ನನ್ನ ಕಿವೀಲೆ ಕೇಳಬೇಕು," ಎಂದಳು ಕಸ್ತೂರೆವ್ವ.

ಕೊನೆಗೆ ಮಾಯಪ್ಪನ ಎದುರೇ ಮಾತಾಯಿತು. ಸುಗ್ಗಿಯೊಳಗೆ ಅವಳೇ ಓಡಿಸುವಂತಾದರೆ ಸರಿ. ಇಲ್ಲವಾದರೆ ಕಾರು ಗುಜರಿಗೆ, ಮಾರ್ಕೆಟ್ಟಿನ ವ್ಯವಹಾರ ಮೈದುನನ ಕೈಗೆ.

"ಹಂಗಾದ್ರ ಗ್ಯಾಸಿನಿಂದ ಕೊಯ್ದು, ಮುಂದ ತಂದು ವೆಲ್ಡಿಂಗ್ ಹೊಡದಬಿಡು," ಎಂದ ಬಾಬಾಸಾಹೇಬ.

ಕಸ್ತೂರೆವ್ವ ಸೀಟಿನ ಮೇಲೆ ಕೈಯಿಟ್ಟಳು. ರೆಕ್ಸಿನ್ನಿನಲ್ಲಿ ಗಂಡನ ಬೆನ್ನು ಒತ್ತಿ ಮಾಡಿದ ತಗ್ಗು ಇನ್ನೂ ಹಾಗೇ ಇತ್ತು.

"ಕೊಯ್ಯಬ್ಯಾಡ ಮಾಯಪ್ಪಾ. ಅವರು ಕುಂತ ಜಾಗಾ ಅದು."

ಜರುಗಿಸಲೂ ಬೇಕು, ಕೆಡಿಸಲೂ ಬಾರದು. ಬೇರೆಯವರಾಗಿದ್ದರೆ ಮಾಯಪ್ಪ ಬೈದು ಕಳಿಸುತ್ತಿದ್ದ. "ವ್ಯಾಳೆ ಹಿಡೀತೈತ್ರಿ ಅಕ್ಕಾರ," ಎಂದಷ್ಟೇ ಹೇಳಿದ.

ದಿನವೂ ಬೆಳಿಗ್ಗೆ ಸೀಮೆಎಣ್ಣೆಗೆ ಆಯಿಲು ಬೆರೆಸಿ ಹಳಿಗೆ ಉಣಿಸಿದ. ಹಸಿರು ಕಿಲುಬನ್ನು ತಂತಿ ಬ್ರಷ್ಷಿನಿಂದ ಕೆರೆದ. ಒಂದು ಬೋಲ್ಟು ಮುರಿಯುವ ಹಾಗೆ ಕುಂಯ್ ಎಂದಿತು. ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ಆ ದಿನ ಅದರ ತಂಟೆಗೇ ಹೋಗಲಿಲ್ಲ. ಬಾಬಾಸಾಹೇಬ ಬಂದು ಇಣುಕಿದ.

"ಏನ ಮಿಸ್ತ್ರಿ, ಸೀಟಿನ ಪೂಜಾ ಮಾಡಾಕತ್ತಿಯೇನ?"

"ಹೌದ್ರಿ. ಪ್ರಸಾದಕ್ಕ ಕಾಯ್ರಿ," ಎಂದ ಮಾಯಪ್ಪ, ತಲೆ ಎತ್ತದೆ.

ತೋಟದಲ್ಲಿ ಕಾಯಿ ಸಿಹಿಯಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಸೀಟು ಬೆರಳಗಲ ಅಲುಗಿತು. ಮಾಯಪ್ಪ ಅದನ್ನು ಮುಂದೆ ತಳ್ಳಲಿಲ್ಲ. ಮೊದಲಿದ್ದಲ್ಲಿಗೇ ಒಯ್ದು, ಹಳಿಯ ಮೇಲೆ ಚಾಣದಿಂದ ಒಂದು ಗೀರು ಹಾಕಿ, ಕಸ್ತೂರೆವ್ವನನ್ನು ಕರೆಸಿದ.

"ಅವರ ಜಾಗಾಕ್ಕ ಗುರ್ತ ಹಾಕೀನ್ರಿ. ಬೇಕಂದಾಗ ವಾಪಸ್ ಅಲ್ಲೇ ಕುಂಡ್ರತೈತಿ."

ಅವಳು ಹತ್ತಿ ಕೂತಳು. ಕಾಲು ಮುಟ್ಟಲಿಲ್ಲ. ಅಡಿಯ ಹಿಡಿಕೆ ಹಿಡಿದಳು, ಎಳೆಯಲಿಲ್ಲ. ಮಾಯಪ್ಪ ಆ ಕಡೆ ತಿರುಗಿ, ಒರೆಸಿಟ್ಟ ಪಾನಾಗಳನ್ನೇ ಮತ್ತೆ ಒರೆಸಿದ. ಆಮೇಲೆ ಬೆನ್ನ ಹಿಂದೆ ಹಳಿಯ ಸದ್ದು ಕೇಳಿಸಿತು.

ಆ ಸುಗ್ಗಿಯಲ್ಲಿ ಮಿರಜಿಗೆ ಕಾರು ಓಡಿಸಿದವಳು ಕಸ್ತೂರೆವ್ವನೇ. ಬಾಬಾಸಾಹೇಬ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದನೆಂದು ಊರೆಲ್ಲ ನಕ್ಕಿತು.

ತೊಂಬತ್ತಾರರಲ್ಲಿ ಅದೇ ಕಾರು ತಳಕ್ಕೆ ತೇಪೆ ಹಾಕಿಸಿಕೊಳ್ಳಲು ಬಂತು. ಬಾಗಿಲು, ತಳ ಎಲ್ಲ ತುಕ್ಕು. ಸೀಟಿನ ಹಳಿಗಳು ಮಾತ್ರ ತಿಕ್ಕಿದ ತಂಬಿಗೆಯಂತೆ ಹೊಳೆಯುತ್ತಿದ್ದವು. ಮಾಯಪ್ಪನಿಗೆ ಸೋಜಿಗ. ಓಡಿಸುವವಳು ಅವಳೊಬ್ಬಳೇ, ಸೀಟು ಜರುಗಿಸುವ ಪ್ರಮೇಯವೇ ಇಲ್ಲ.

"ಅಕ್ಕಾರ, ಈ ಸೀಟ ದಿನಾ ಯಾರ ಸರಸ್ತಾರ್ರಿ?"

ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು. "ಸಂಜೀಕ ಗಾಡಿ ಮನಿ ಮುಂದ ತಂದು ಹಚ್ಚಿದ ಮ್ಯಾಲೆ ನಾನ ಹಿಂದಕ ಸರಸ್ತೀನಿ. ಮುಂಜಾನೆ ಮತ್ತ ಮುಂದಕ." ಸ್ವಲ್ಪ ತಡೆದು ಹೇಳಿದಳು, "ಹಗಲೆಲ್ಲಾ ನಾನ ಕುಂತಿರ್ತೀನಿ. ರಾತ್ರಿ ಅವರ ಜಾಗಾ ಅವರಿಗೆ ಇರಲಿ."

ಮಾಯಪ್ಪ ಬಗ್ಗಿ ಹಳಿಯನ್ನು ನೋಡಿದ. ಅವನು ಹಾಕಿದ್ದ ಗೀರು ಸವೆದು ಕಾಣದಂತಾಗಿತ್ತು. ಚಾಣ ತರಿಸಿಕೊಂಡು ಅದೇ ಜಾಗದಲ್ಲಿ ಮತ್ತೊಮ್ಮೆ, ಸ್ವಲ್ಪ ಆಳವಾಗಿಯೇ, ಗೀರಿದ.