ತಾರವ್ವ ವೈನಿಯ ಚಿಮಟಾ

ಕೂಸಿದ್ದಾಗ ಬಂದ ಜ್ವರ ನಮ್ಮ ತಾರವ್ವ ವೈನಿಯ ಎರಡೂ ಕಾಲಿನ ಬಲವನ್ನು ತಿಂದುಹಾಕಿತ್ತು. ಆದರೂ ರಾಯಬಾಗದ ಸಂತೆಗೆ ಕುರಿ ಕೊಳ್ಳಲು ಬಂದವರು ಮೊದಲು ಹುಡುಕುತ್ತಿದ್ದದ್ದು ಅವಳನ್ನೇ. ತಾರವ್ವ ನೋಡಿ ಹೂಂ ಅಂದರೆ ಕೊಳ್ಳುವುದು, ತಲೆ ಅಲ್ಲಾಡಿಸಿದರೆ ಬಿಡುವುದು. ಮೀಸೆ ಹೊತ್ತ ಗೌಡರೂ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಾಯುತ್ತಿದ್ದರು.

ಅವಳು ನಮ್ಮ ಸೋದರಮಾವನ ಮಗಳು. ನಮ್ಮಣ್ಣ ಭೀಮಸಿ ಅವಳನ್ನೇ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಾಗ ವಸ್ತಿಯ ಜನ ಬಾಯಿಗೆ ಸೆರಗು ಹಚ್ಚಿ ನಕ್ಕರು. "ಕುರಿ ಹಿಂದ ತಿರುಗೋ ಮನೀಗಿ ನಡೀಲಾರದ ಸೊಸಿ!" ನಕ್ಕವರ ಹಲ್ಲು ಬೇಗ ಒಳಗೆ ಹೋದವು. ನೆಲದ ಮೇಲೆ ತೆವಳುತ್ತ ಬೆಳೆದವಳಿಗೆ ಪ್ರಾಣಿಗಳ ಮುಖಕ್ಕಿಂತ ಕಾಲಿನ ಪರಿಚಯವೇ ಹೆಚ್ಚು. ಹಿಂಡು ಎದುರಿಗೆ ಹಾದುಹೋದರೆ ಸಾಕು, ನಾಳೆ ಕುಂಟುವ ಕುರಿಯನ್ನು ಇವತ್ತೇ ಬೆರಳು ಮಾಡಿ ತೋರಿಸುತ್ತಿದ್ದಳು. ನಾನೂ ಹುಟ್ಟಾ ಕುರಿ ಕಾಯುವವನು, ದೇವರು ಎರಡು ಗಟ್ಟಿ ಕಾಲು ಕೊಟ್ಟಿದ್ದಾನೆ. ನನಗೆ ಕುರಿ ಕುಂಟಿದ ಮೇಲೂ ಗೊತ್ತಾಗುತ್ತಿರಲಿಲ್ಲ.

ಎಂಬತ್ತೆಂಟರಲ್ಲಿ ಯಾವುದೋ ಸಂಘದವರು ಅವಳಿಗೆ ಮೂರು ಗಾಲಿಯ ಸೈಕಲ್ ಕೊಟ್ಟರು. ಎದೆಯ ಮಟ್ಟದಲ್ಲಿ ಕೈಯಿಂದ ತಿರುಗಿಸುವ ಪೆಡಲ್ಲು, ಅಲ್ಲಿಂದ ಮುಂದಿನ ಗಾಲಿಗೆ ಚೈನು. ಆ ಗಾಲಿಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲುವ ಉಕ್ಕಿನ ಕವೆಗೆ ನಮ್ಮ ಕಡೆ ಚಿಮಟಾ ಅನ್ನುತ್ತಾರೆ. ಅಲ್ಲಿಯವರೆಗೆ ಸಂತೆ, ಮದುವೆ, ದವಾಖಾನೆ, ಎಲ್ಲಿಗೆ ಹೋದರೂ ವೈನಿ ಯಾರದಾದರೂ ಬೆನ್ನ ಮೇಲೆಯೇ ಹೋಗಬೇಕಿತ್ತು. ಹೊರುವವರ ಮರ್ಜಿ ಕಾಯಬೇಕಿತ್ತು. ಮೊದಲ ಸಲ ಒಬ್ಬಳೇ ಸಂತೆಗೆ ಹೋಗಿ ಬಂದ ದಿನ ಅವಳು ಅಂಗಳದಲ್ಲಿ ಸೈಕಲ್ ಇಳಿಯಲೇ ಇಲ್ಲ. ಅದರ ಮೇಲೆ ಕೂತೇ ಊಟ ಮಾಡಿದಳು.

ಆದರೆ ನಮ್ಮ ದಾರಿ ಕಬ್ಬಿನ ಟ್ರ್ಯಾಕ್ಟರಿನ ದಾರಿ. ಒಂದು ಗುಂಡಿಯಲ್ಲಿ ಚಿಮಟಾ ಮೇಲಿನ ಕೊರಳ ಹತ್ತಿರ ಮುರಿಯಿತು. ಊರ ಮುರಗೆಪ್ಪ ವೆಲ್ಡಿಂಗ್ ಮಾಡಿಕೊಟ್ಟ, ಮತ್ತೆ ಮುರಿಯಿತು. ಕೇಳಿದರೆ ದಾರಿಯನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೂರನೆಯ ಸಲ ಮುರಿದಾಗ ವೈನಿ ಮುಳ್ಳಿನ ಬೇಲಿಗೆ ಬಿದ್ದಳು. ಆ ಹಾದಿಯಲ್ಲಿ ಬಂದ ಟ್ರ್ಯಾಕ್ಟರಿನವನೊಬ್ಬ ಅವಳನ್ನು ಗೊಬ್ಬರದ ಚೀಲದಂತೆ ಹೆಗಲ ಮೇಲೆ ಹಾಕಿಕೊಂಡು ತಂದು ಕಟ್ಟೆಯ ಮೇಲೆ ಇಳಿಸಿದ.

"ಸಾಕವ್ವಾ ಈ ಸೈಕಲ್ ಹುಚ್ಚು. ಸಂತಿಗಿ ಸಿದರಾಯ ಹೊತಗೊಂಡ ಹೋಗತಾನ," ಎಂದಳು ನಮ್ಮವ್ವ ಲಗಮವ್ವ.

"ಹೂಂ ವೈನಿ, ನೀ ಏನ್ ಮಹಾ ಭಾರ ಅದಿ?" ಎಂದೆ ನಾನು.

ವೈನಿ ಮೊಣಕೈಯಿಂದ ಮುಳ್ಳು ಕೀಳುತ್ತಿದ್ದಳು, ತಲೆ ಎತ್ತಲಿಲ್ಲ. "ನಾ ಇನ್ನ ಯಾರ ಬೆನ್ನೂ ಹತ್ತಂಗಿಲ್ಲ. ಇದನ್ನ ಮುರೀಧಂಗ ಮಾಡಾಂವ ಸಿಕ್ಕರ ಸಂತಿಗಿ ಹೋಗತೇನಿ. ಇಲ್ಲಂದ್ರ ಸಾಯೂ ತನಕ ಇಲ್ಲೇ ಕೂಡತೇನಿ."

ಅವಳು ಹೇಳಿದರೆ ಹಾಗೇ ಮಾಡುವವಳು. ಅಣ್ಣ ಹಿಂಡಿನ ಜೊತೆ ದೂರ ಹೋಗಿದ್ದ. ಹೀಗಾಗಿ ಚಿಮಟಾ ಮಾಡುವವನನ್ನು ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಕುರಿ ಒಯ್ಯುವ ಟೆಂಪೋದಲ್ಲಿ ಕುರಿಗಳ ನಡುವೆಯೇ ಕೂತು, ಮುರಿದ ಚಿಮಟಾ ತೊಡೆಯ ಮೇಲಿಟ್ಟುಕೊಂಡು ವೈನಿಯೂ ನನ್ನ ಜೊತೆ ಹೊರಟಳು.

ನಮ್ಮ ಕುರಿಯವರಲ್ಲಿ ಒಂದು ರೂಢಿ ಇದೆ. ಬೇರೆಯವನ ಹಿಂಡಿನಿಂದ ಟಗರು ಕೊಳ್ಳುವಾಗ ಮೊದಲು ಟಗರನ್ನು ನೋಡುವುದಿಲ್ಲ, ನಿನ್ನ ಕುಂಟ ಕುರಿ ತೋರಿಸು ಅನ್ನುತ್ತೇವೆ. ಹಿಂಡು ಅಂದಮೇಲೆ ಕುಂಟುವುದೊಂದು ಇದ್ದೇ ಇರುತ್ತದೆ. ಇಲ್ಲವೆಂದವನು ಸುಳ್ಳನಿರಬೇಕು, ಇಲ್ಲವೇ ತನ್ನ ಕುರಿಯ ಕಾಲು ನೋಡದವನಿರಬೇಕು. ಈ ರೂಢಿಯನ್ನು ವೈನಿ ವೆಲ್ಡಿಂಗ್ ಅಂಗಡಿಗಳ ಮೇಲೆ ಹೂಡುತ್ತಾಳೆಂದು ನನಗೇನು ಗೊತ್ತು!

ಚಿಕ್ಕೋಡಿಯ ಅಣ್ಣಾಸಾಬನ ಅಂಗಡಿ ದೊಡ್ಡದು. ನವಿಲು ಮೂಡಿಸಿದ ಗೇಟುಗಳು ಸಾಲಾಗಿ ನಿಂತಿದ್ದವು. ನಾನಂತೂ ಅಲ್ಲೇ ಒಪ್ಪಿಬಿಟ್ಟೆ. ವೈನಿ ಕೇಳಿದಳು, "ನೀವು ಮಾಡಿದ್ದರಾಗ ಮುರದದ್ದು ಒಂದ ತೋರಸ್ರಿ."

"ನಮ್ಮದು ಮುರದದ್ದ ಇಲ್ರಿ," ಎಂದ ಅಣ್ಣಾಸಾಬ ಎದೆ ಸೆಟೆಸಿ.

"ನಡಿ ಸಿದರಾಯಾ," ಎಂದಳು ವೈನಿ.

ಅಥಣಿಯ ಬಾಳಾಸಾಬ ತಾನು ಮಾಡಿದ ಒಂದು ಚಿಮಟಾ ತಂದು ಅವಳ ಕೈಗೇ ಕೊಟ್ಟ. ಗಟ್ಟಿ ಸಲಾಕೆಯದು, ಕೈ ಜಗ್ಗುವಷ್ಟು ಭಾರ. ಆನೆ ಹತ್ತಿದರೂ ಬಾಗುವುದಿಲ್ಲವೆಂದ. "ಆನಿ ಹತ್ತೂದ ಬ್ಯಾಡ್ರಿ, ಇದನ್ನ ನನ್ನ ಕೈ ತಿರುವಬೇಕು," ಎಂದು ವೈನಿ ಅದನ್ನು ನೆಲಕ್ಕಿಟ್ಟಳು. ಮುರಿದದ್ದು ಅವನ ಹತ್ತಿರವೂ ಇರಲಿಲ್ಲ. ನನ್ನ ತಲೆ ಕೆಟ್ಟಿತು. ಚಿಮಟಾ ಮಾಡಿಸಲು ಬಂದಿದ್ದೇವೋ ಮನೆಗೆ ಹೆಣ್ಣು ನೋಡಲು ಬಂದಿದ್ದೇವೋ ಎಂದು ಟೆಂಪೋದ ತುಂಬ ಕೂಗಾಡಿದೆ. ವೈನಿ ಪಕ್ಕದ ಕುರಿಯ ಕಿವಿಯಿಂದ ಉಣ್ಣೆ ಹುಳ ಆರಿಸುತ್ತ ಕೂತಿದ್ದಳು.

ಕೊನೆಗೆ ಯಾರೋ ಉಗಾರ ಬುದ್ರುಕದ ಪಾರಿಸನ ಹೆಸರು ಹೇಳಿದರು. ಕಬ್ಬಿನ ಗಾಡಿಗಳ ನಡುವೆ ಒಂದು ತಗಡಿನ ಚಪ್ಪರ. ವೈನಿ ಅದೇ ಪ್ರಶ್ನೆ ಕೇಳಿದಳು. ಪಾರಿಸ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. ಮುಖ ಸಣ್ಣದಾಯಿತು. ಬೈದು ಕಳಿಸುತ್ತಾನೆಂದೇ ನಾನು ತಿಳಿದೆ. ಅವನು ಎದ್ದು ಒಳಗೆ ಹೋದ. ತೊಲೆಗೆ ತಂತಿಯಿಂದ ಕಟ್ಟಿದ್ದ ಮುರಿದ ಚಿಮಟಾಗಳನ್ನು ಬಿಚ್ಚಿ ತಂದು ಅವಳ ಮುಂದೆ ಹರವಿ, ತಾನೂ ನೆಲದ ಮೇಲೆ ಕೂತ.

"ಇದು ನನ್ನ ಸೊಕ್ಕು ನೋಡ್ರಿ ಅಕ್ಕಾರ. ಬೆಂಕಿ ಜಾಸ್ತಿ ಕೊಟ್ಟೆ, ಉಕ್ಕು ಸತ್ತುಹೋತು. ಇದು ಅವಸರ. ಕಾದದ್ದಕ್ಕ ನೀರ ಹೊಡದೆ. ಇನ್ನ ಇದು..." ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಇದು ಯಾಕ ಮುರೀತು ಅನ್ನೂದು ನನಗ ಇನ್ನೂ ತಿಳದಿಲ್ಲ. ಅದಕ್ಕ ದಿನಾ ನೋಡತೇನಿ."

ವೈನಿ ಆ ಚಿಮಟಾ ಎತ್ತಿಕೊಂಡು, ಕುರಿಯ ಕಾಲು ಸವರುವಂತೆ, ಮುರಿದ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವರ ಕಡೇನ ಮಾಡಸೂಣು," ಎಂದಳು. ಮನುಷ್ಯನನ್ನು ಹೀಗೂ ಆರಿಸಬಹುದೆಂದು ನಾನು ಅಂದುಕೊಂಡಿರಲಿಲ್ಲ.

ಪಾರಿಸ ಕೂಡಲೇ ಕೆಲಸಕ್ಕೆ ಕೂರಲಿಲ್ಲ. ಅವಳ ದಾರಿ ನೋಡಬೇಕೆಂದು ಮರುದಿನ ನಮ್ಮ ವಸ್ತಿಗೆ ಬಂದ. ಮುರಿದದ್ದಕ್ಕೆ ಸದ್ಯಕ್ಕೊಂದು ತೇಪೆ ಹಾಕಿ, ತನ್ನ ಎರಡೂ ಕಾಲನ್ನು ಟವೆಲ್ಲಿನಿಂದ ಕಟ್ಟಿಕೊಂಡು, ಆ ಸೈಕಲ್ ಹತ್ತಿ ಕೈಯಿಂದಲೇ ಗುಂಡಿಗಳ ಮೇಲೆ ತಿರುಗಿಸಿಕೊಂಡು ಹೋದ. ವಾಪಸು ಬಂದಾಗ ಉಸಿರು ಹತ್ತಿತ್ತು. "ಅಕ್ಕಾರ, ನಿಮ್ಮ ಬಲಗೈ ಜೋರ ಐತೇನ?" ಎಂದು ಕೇಳಿದ. ಉಣ್ಣೆ ನೂತು ನೂತು ಅವಳ ಬಲಗೈ ಗಟ್ಟಿಯಾಗಿತ್ತು. ಏರಿನಲ್ಲಿ ಆ ಕೈಯ ಎಳೆತಕ್ಕೆ ಚಿಮಟಾ ತಿರುಚಿಕೊಳ್ಳುತ್ತಿತ್ತು. ಅವನು ಹೊಸ ಚಿಮಟಾದ ಬಲಗಾಲಿಗೆ ದಪ್ಪ ಕೊಳವೆ ಹಾಕಿದ, ಕೊರಳೊಳಗೆ ಇನ್ನೊಂದು ಕೊಳವೆ ಕೂಡಿಸಿದ, ಸಣ್ಣ ಬೆಂಕಿಯಲ್ಲಿ ಹಿತ್ತಾಳೆಯ ಬೆಸುಗೆ ಹಾಕಿದ. ಆಮೇಲೆ ಬೂದಿಯಲ್ಲಿ ಹೂತು, ತಾನಾಗಿ ತಣಿಯುವ ತನಕ ಯಾರನ್ನೂ ಮುಟ್ಟಗೊಡಲಿಲ್ಲ.

ಹೊಸ ಚಿಮಟಾ ಹಾಕಿದ ದಿನ ಬಿದ್ದರೆ ಹಿಡಿಯಲೆಂದು ನಾನು ಹಿಂದೆ ಓಡಿದೆ. ಅವಳು ತಿರುಗಿಯೂ ನೋಡದೆ ಕೂಗಿದಳು, "ಹಿಂದ ಬರಬ್ಯಾಡ ಲೇ!" ಇಳಿಜಾರಿನಲ್ಲಿ ಧೂಳಷ್ಟೇ ಕಂಡಿತು.

ಆಮೇಲೆ ವರ್ಷಗಟ್ಟಲೆ ಅವಳು ಅದೇ ಸೈಕಲ್ಲಿನಲ್ಲಿ ಸಂತೆಗೆ ಹೋದಳು. ತೊಂಬತ್ತಾರರ ಕಬ್ಬಿನ ಹಂಗಾಮಿನಲ್ಲಿ ನಾನು ಆಡುಗಳಿಗೆ ಕಬ್ಬಿನ ಸೋಗೆ ಕಡಿಯುತ್ತಿದ್ದಾಗ ಕತ್ತಿ ಜಾರಿ ಕಾಲಿನ ಮೇಲೆ ಬಿತ್ತು. ರಕ್ತ ನಿಲ್ಲಲಿಲ್ಲ. ವಸ್ತಿಯಲ್ಲಿ ವೈನಿಯ ಹೊರತು ಒಂದು ನರಪಿಳ್ಳೆ ಇರಲಿಲ್ಲ. ಅವಳು ತನ್ನ ಸೆರಗು ಹರಿದು ಕಾಲಿಗೆ ಬಿಗಿದು, ಸೈಕಲ್ಲಿನ ಹಿಂದಿನ ಹಲಗೆಯ ಮೇಲೆ ನನ್ನನ್ನು ಎಳೆದುಕೊಂಡಳು. ನಾನು ಸಣ್ಣಾಳಲ್ಲ. ಅದೇ ಗುಂಡಿ, ಅದೇ ಏರು. ನನ್ನ ಬೆನ್ನಿಗೆ ಹತ್ತಿದ್ದ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಪ್ರತಿ ಗುಂಡಿಗೂ ಚಿಮಟಾ ಕಿರುಗುಟ್ಟುತ್ತಿತ್ತು. ಕಣ್ಣು ಕತ್ತಲಾದಾಗಲೆಲ್ಲ ಅವಳ ದನಿ ಕೇಳುತ್ತಿತ್ತು, "ಮಲಗಬ್ಯಾಡ ಸಿದರಾಯಾ, ಮಾತಾಡು. ಬೈಯಾಕರ ಬೈ, ಮಾತಾಡು." ರಾಯಬಾಗದ ದವಾಖಾನೆ ಮುಟ್ಟುವ ತನಕ ಅವಳು ಕೈ ನಿಲ್ಲಿಸಲಿಲ್ಲ. ಇವತ್ತು ನಾನು ಇದನ್ನು ಹೇಳುತ್ತಿದ್ದೇನೆಂದರೆ ಆ ಎರಡು ಕೈಗಳಿಂದ.

ಚಿಮಟಾ ಮುರಿದಿರಲಿಲ್ಲ, ಆದರೆ ಅದರ ಎಡಗಾಲು ಬಾಗಿತ್ತು. ನಾನು ಬಡಿಗೆ ಹಿಡಿದು ಓಡಾಡುವಂತಾದ ಮೇಲೆ ಇಬ್ಬರೂ ಉಗಾರಕ್ಕೆ ಹೋದೆವು. ಪಾರಿಸನ ತಲೆ ನೆರೆತಿತ್ತು. ಅವನು ಅದನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದ. ಹೊಸದು ಮಾಡಿಕೊಡುತ್ತೇನೆ, ಇದು ನನಗಿರಲಿ ಎಂದು ಅದನ್ನು ಆ ತೊಲೆಗೆ, ಎಲ್ಲಕ್ಕಿಂತ ಮುಂದೆ ಕಟ್ಟಿದ.

"ಇದ್ಯಾಕ ಬಾಗೇತಿ ಅಂತ ಯಾರರ ಕೇಳಿದರ ಏನ್ ಹೇಳ್ಲಿರಿ ಅಕ್ಕಾರ?"

ವೈನಿ ನನ್ನ ಕಡೆ ನೋಡಿ ನಕ್ಕಳು.

"ಮೈದುನನ್ನ ಹೊತ್ತಿತ್ತು ಅಂತ ಹೇಳ್ರಿ."

ನಾನು ಬಡಿಗೆ ಊರಿಕೊಂಡು ಅಲ್ಲೇ ನಿಂತಿದ್ದೆ.