ಲೀಲಕ್ಕನ ಬಂಪರ್

ಬೆಳಿಗ್ಗೆ ಹಳೆ ಕಬ್ಬಿಣ ಕೊಳ್ಳುವವನು ಬಂದಿದ್ದ. ಸೌದೆ ಕೊಟ್ಟಿಗೆಯ ಮೂಲೆಯಿಂದ ಒಂದು ಭಾರದ ವಸ್ತುವನ್ನು ಅಂಗಳಕ್ಕೆ ಎಳೆದಾಗ ಅದರ ಮಡಚುವ ಬಿಜಾಗ್ರಿ ‘ಕಿರ್’ ಎಂದಿತು. ಜಗಲಿಯಲ್ಲಿ ಪೇಪರು ಓದುತ್ತಿದ್ದ ನಾನು ಈ ವಯಸ್ಸಿಗೆ ಸಲ್ಲದ ವೇಗದಲ್ಲಿ ಎದ್ದು, “ಅದು ಕೊಡುವುದಕ್ಕಲ್ಲ!” ಎಂದು ಕೂಗಿದೆ. ಎದ್ದದ್ದೇನೋ ಸರಿ, ಮೆಟ್ಟಿಲಿಳಿಯಲು ಮಂಡಿ ಒಪ್ಪಲಿಲ್ಲ. ಅದು ಕೆಲವು ತಿಂಗಳಿಂದಲೇ ಒಪ್ಪುತ್ತಿಲ್ಲ ಎಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಆ ವಸ್ತು ಒಂದು ವ್ಯಾನಿನ ಹಿಂದಿನ ಬಂಪರ್. ಅದರ ನಕ್ಷೆ ಬರೆದ ಮಹಾಶಯ ನಾನೇ.

ಅರವತ್ತರ ದಶಕದ ಆರಂಭ. ನಾನಾಗ ಬೆಳ್ತಂಗಡಿಯಲ್ಲಿ ಡ್ರಾಯಿಂಗ್ ಮಾಸ್ಟ್ರು. ಬದನೆಕಾಯಿ ಮತ್ತು ಹೂಜಿ ಬಿಟ್ಟು ಬೇರೇನನ್ನೂ ಧೈರ್ಯದಿಂದ ಬರೆದವನಲ್ಲ. ಲಾಯಿಲದಲ್ಲಿ ಹೋಟೆಲು ಇಟ್ಟಿದ್ದ ದೇಜಪ್ಪಣ್ಣ, ಮಿಲಿಟರಿಯವರು ಮಾರಿದ ಹಳೆಯ ವ್ಯಾನೊಂದನ್ನು ಎಲ್ಲಿಂದಲೋ ತಂದರು. ಒಳಗೆ ಮಲಗಲು ಹಲಗೆ, ಸೀಮೆಎಣ್ಣೆ ಒಲೆಗೊಂದು ಗೂಡು, ಕೊಡಕ್ಕೊಂದು ಕೊಕ್ಕೆ ಮಾಡಿಸಿದರು. “ಇದ್ದ ಮನೆ ಸಾಲದೆ ಈಗ ಚಕ್ರದ ಮನೆಯಂತೆ” ಎಂದು ಊರವರು ನಕ್ಕರು.

ಅದೆಲ್ಲ ಅವರ ಹೆಂಡತಿ ಲೀಲಕ್ಕನಿಗಾಗಿ ಎಂದು ನಗುವವರಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಹೋಟೆಲಿನ ಒಲೆಯೆದುರು ನಿಂತು ಅವರ ಮಂಡಿ ಸೋತಿತ್ತು. ಒಮ್ಮೆ ಬಸ್ಸು ಹತ್ತಲಾಗದೆ ನಿಂತಾಗ ಇಬ್ಬರು ಗಂಡಸರು ತೋಳು ಹಿಡಿದು ಎಳೆದುಕೊಂಡರಂತೆ, ಒಳಗಿದ್ದವರು ನಕ್ಕರಂತೆ. ಆಮೇಲೆ ಎರಡು ವರ್ಷ ಲೀಲಕ್ಕ ಬಂಟ್ವಾಳದ ತವರಿಗೂ ಹೋಗಲಿಲ್ಲ. ನೇತ್ರಾವತಿಯ ಮರಳಿನಲ್ಲಿ ಆಡಿ ಬೆಳೆದವರು ಅವರು.

ವ್ಯಾನು ನೋಡಿ ಲೀಲಕ್ಕ ಹೇಳಿದ್ದಿಷ್ಟೇ: “ನನ್ನನ್ನು ಅಕ್ಕಿಮುಡಿಯ ಹಾಗೆ ಎತ್ತಿ ಹಾಕುವುದಾದ್ರೆ ನಾನು ಬರುವುದಿಲ್ಲ. ನಾನೇ ಹತ್ತುವ ಹಾಗೆ ಮಾಡಿದ್ರೆ ಬರ್ತೇನೆ. ಇಲ್ಲದಿದ್ರೆ ಅದರಲ್ಲಿ ಕೋಳಿ ಸಾಕಿ.”

ದೇಜಪ್ಪಣ್ಣ ನನ್ನಲ್ಲಿಗೆ ಬಂದರು. “ಮಾಸ್ಟ್ರೇ, ಹಿಂದೆ ಒಂದು ಬಂಪರ್ ಆಗ್ಬೇಕು. ಅದೇ ಮೆಟ್ಟಿಲೂ ಆಗ್ಬೇಕು. ಒಂದು ಚಿತ್ರ ಬರೆದು ಕೊಡಿ ಮಾರಾಯ್ರೆ.”

ನಾಲ್ಕು ದಿನ ಕೂತು, ಬಣ್ಣವನ್ನೂ ಹಚ್ಚಿ ಬರೆದುಕೊಟ್ಟೆ. ಅಳತೆಯದ್ದೇ ಕಷ್ಟ. ಇಪ್ಪತ್ತಾರರ ಹುಡುಗ, ಹಿರಿಯ ಹೆಂಗಸಿನ ಹತ್ತಿರ “ನಿಮ್ಮ ಕಾಲು ಎಷ್ಟು ಎತ್ತರಕ್ಕೆ ಏಳ್ತದೆ?” ಎಂದು ಕೇಳುವುದು ಹೇಗೆ? ಗಂಡನೂ ಕೇಳಲಿಲ್ಲ, ಕೇಳಿದರೆ ಅವರು ನೊಂದುಕೊಳ್ಳುತ್ತಾರೆ ಎಂಬ ಅಂಜಿಕೆ. ಕೊನೆಗೆ ನಾನು ನನ್ನದೇ ಕಾಲೆತ್ತಿ, ಸ್ಕೇಲು ಹಿಡಿದು, ಮರ್ಯಾದೆಗೆಂದು ಎರಡಿಂಚು ಕಳೆದು ಗುರುತು ಹಾಕಿದೆ.

ಊರ ಕಮ್ಮಾರ ವಾಸು ಆಚಾರಿಯವರು ಚಿತ್ರದಲ್ಲಿದ್ದಂತೆಯೇ ಕಬ್ಬಿಣ ಬಡಿದು ಕೂಡಿಸಿದರು. ಲೀಲಕ್ಕ ಹೊಸ ಸೀರೆಯುಟ್ಟು ಅಂಗಳಕ್ಕೆ ಬಂದರು. ಕಾಲೆತ್ತಿದರು. ಪಾದ ಬಂಪರಿಗಿಂತ ಇನ್ನೂ ಒಂದು ಗೇಣು ಕೆಳಗೇ ನಿಂತಿತು. ಮತ್ತೊಮ್ಮೆ ಎತ್ತಿದರು. ಆಮೇಲೆ “ಒಲೆಯಲ್ಲಿ ಹಾಲು ಉಂಟು” ಎನ್ನುತ್ತಾ ಒಳಗೆ ಹೋದರು. ಒಲೆಯಲ್ಲಿ ಹಾಲು ಇರಲಿಲ್ಲ. ನನಗೆ ನನ್ನ ಬಣ್ಣದ ಚಿತ್ರವನ್ನು ಅದೇ ಒಲೆಗೆ ಹಾಕುವಷ್ಟು ನಾಚಿಕೆಯಾಯಿತು.

“ಕೆಳಗೆ ಮಾಡಿದ್ರೆ ರಸ್ತೆಗೆ ಉಜ್ಜುತ್ತದೆ” ಎಂದು ದೇಜಪ್ಪಣ್ಣ ತಲೆಯ ಮೇಲೆ ಕೈ ಹೊತ್ತರು. ವಾಸು ಆಚಾರಿಯವರು ಮಾತ್ರ ಎಲೆಯಡಿಕೆ ಜಗಿಯುತ್ತಾ ಹಿತ್ತಿಲಿಗೆ ಹೋದರು. ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಹಿಡಿದು, ಲಟಕ್ಕನೆ ಮುರಿದರು.

“ದಿನಕ್ಕೆ ನೂರು ಸರ್ತಿ ಅಕ್ಕ ಹತ್ತಿ ಇಳಿಯುವ ಮೆಟ್ಟಿಲು ಇಲ್ಲೇ ಉಂಟಲ್ಲ ಮಾಸ್ಟ್ರೇ! ಕೇಳ್ಲಿಕ್ಕೆ ಏನುಂಟು?”

ಮೂರನೆಯ ದಿನಕ್ಕೆ ಬಂಪರಿನ ಕೆಳಗೆ ಕಡ್ಡಿಯ ಅಳತೆಗೆ ಎರಡು ಮೆಟ್ಟಿಲು ಬಂದವು. ವ್ಯಾನು ನಿಂತಾಗ ಬಿಜಾಗ್ರಿಯ ಮೇಲೆ ಕೆಳಗಿಳಿಯುತ್ತಿದ್ದವು. ಓಡುವಾಗ ಮೇಲಕ್ಕೆ ಮಡಚಿ ಕೊಂಡಿ ಹಾಕಿದರಾಯಿತು. ಈ ಸಲ ಲೀಲಕ್ಕ ಹಳೆಯ ಸೀರೆಯಲ್ಲೇ ಬಂದರು. ನಾವು ಮೂವರೂ ಬೇಕೆಂದೇ ಬೇರೆ ಕಡೆ ನೋಡುತ್ತಾ ನಿಂತೆವು. ಒಂದು, ಎರಡು, ಬಂಪರ್, ಆಮೇಲೆ ಒಳಗೆ! ಒಳಗಿಂದ ಸ್ವರ ಬಂತು: “ಇನ್ನೆಂಥ ನೋಡುವುದು? ಮಸಾಲೆ ಕಡೆಯುವ ಕಲ್ಲು ತನ್ನಿ, ಹೊರಡುವ.”

ದೇಜಪ್ಪಣ್ಣ ಬಂಟ್ವಾಳದ ನೇರ ದಾರಿ ಬಿಟ್ಟು ವೇಣೂರು, ಮೂಡುಬಿದಿರೆ ಸುತ್ತಿಕೊಂಡು ಹೋದರು. ನಕ್ಷೆಗಾರನೆಂಬ ಗೌರವದಿಂದ ನಾನೂ ವ್ಯಾನಿನಲ್ಲಿದ್ದೆ. ಲೀಲಕ್ಕ ದಾರಿಯುದ್ದಕ್ಕೂ “ನಿಲ್ಲಿಸಿ” ಎನ್ನುವರು. ಇಳಿಯುವರು, ಒಂದು ಗಿಡ ನೋಡುವರು, ಹತ್ತುವರು. ಮೂಡುಬಿದಿರೆಯಲ್ಲಿ ಇಳಿದದ್ದು ಬರಿಯ ಒಂದು ಬೆಕ್ಕನ್ನು ನೋಡಲು. ಬಂಟ್ವಾಳದ ಮರಳಿನಲ್ಲಿ ದೇಜಪ್ಪಣ್ಣನೇ ಗಂಜಿ ಬೇಯಿಸಿದರು, ತಳ ಹಿಡಿಯಿತು. ಹೊಳೆಗೆ ಕಾಲು ಇಳಿಬಿಟ್ಟು ಕೂತ ಲೀಲಕ್ಕ ಅದನ್ನು ಎರಡು ಸಲ ಬಡಿಸಿಕೊಂಡು ಉಂಡರು. ಅಷ್ಟು ಸಂತೋಷದ ಮುಖವನ್ನು ನಾನು ಬದುಕಿನಲ್ಲಿ ಹೆಚ್ಚು ಕಂಡಿಲ್ಲ.

ವರ್ಷಗಳ ನಂತರ ವ್ಯಾನು ಗುಜರಿಗೆ ಹೋದಾಗ ದೇಜಪ್ಪಣ್ಣ ಬಂಪರನ್ನು ಬಿಚ್ಚಿ ನನಗೆ ಕಳಿಸಿದರು.

ಹಳೆ ಕಬ್ಬಿಣದವನು ಹೋದ ಮೇಲೆ ಸೊಸೆ ಕೇಳಿದಳು: “ಮಾವ, ಇದನ್ನು ಇಟ್ಟುಕೊಂಡು ಎಂಥ ಮಾಡ್ತೀರಿ?”

ಜಗಲಿಯ ಮೆಟ್ಟಿಲು ತಗ್ಗಿಸೋಣವೆಂದು ಮಗ ಹೇಳಿದಾಗಲೆಲ್ಲ “ನಾನೇನು ಮುದುಕನಾ?” ಎಂದು ಗದರಿದವನು ನಾನು. ಈಗ ಗೋಡೆ ಹಿಡಿದು, ಅವಳ ಎದುರಿಗೇ ಕಾಲೆತ್ತಿ ತೋರಿಸಿದೆ.

“ನೋಡು, ಇಷ್ಟೇ ಏಳುವುದು. ಹೋಗಿ ಹಿಡಿಸೂಡಿಯಿಂದ ಒಂದು ಕಡ್ಡಿ ತಾ.”