ಗಂಡನ ಹೆಸರು ಹೇಳಿದ ಹೆಂಗಸು

“ಗಂಡನ ಹೆಸರೇನಮ್ಮ?” ಎಂದು ಡಾಕ್ಟರು ಕೇಳಿದರು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನಮ್ಮ ಪಕ್ಕ ಕುಳಿತಿದ್ದ ಹನಗೋಡಿನ ಹೆಂಗಸು “ಪ್ರಕಾಶ” ಎಂದು ಥಟ್ಟನೆ ಉತ್ತರಿಸಿದಳು. ಪ್ರಕಾಶನಿಗೆ ಅವಳು ಕಿಡ್ನಿ ಕೊಡುವವಳಿದ್ದಳು. ದಂಪತಿ ಎನ್ನುವುದಕ್ಕೆ ದಾಖಲೆಗಳಿದ್ದವು. ಡಾಕ್ಟರು ಬೇರೇನೂ ಕೇಳದೆ ರುಜು ಹಾಕಿ ಒಳಗೆ ಹೋದರು. ತೊಂಬತ್ತರ ದಶಕದ ಕೊನೆಯ ಮಾತಿದು.

ಜೊತೆಗಿದ್ದ ನಮ್ಮವ್ವ ಮಾತ್ರ ಅವಳತ್ತ ತಿರುಗಿದರು. “ಅಲ್ಲ ಕಣವ್ವ, ಕಟ್ಕೊಂಡ ಗಂಡನ ಹೆಸರ ಯಾರಾರ ಇಂಗೆ ಕೂಗ್ತಾರಾ? ಮನೇಲಿರೋನ ಹೆಸರೇಳು, ನೋಡಾನ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಳು ಬಂತು. ಪ್ರಕಾಶ ಯಾರೆಂದೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ದುಡ್ಡಿನ ಆಸೆ ತೋರಿಸಿದ ದಲ್ಲಾಳಿಯೊಬ್ಬ ಸುಳ್ಳು ದಾಖಲೆ ಹುಟ್ಟಿಸಿ, ಆ ಹೆಸರನ್ನು ಬಾಯಿಪಾಠ ಮಾಡಿಸಿ ಕರೆತಂದಿದ್ದ. ಮನೆಯಲ್ಲಿ ಗಂಡನಿಗೂ ಸುದ್ದಿ ಗೊತ್ತಿರಲಿಲ್ಲ.

“ನಂಗೆ ಭಯ ಆಯ್ತದೆ ಕಣವ್ವ” ಎಂದಳು.

“ಅಂಗಾದ್ರೆ ಏಳು, ಊರಿಗೆ ಓಗಾನ” ಎಂದು ಅವ್ವ ಕೈ ಹಿಡಿದು ಎಬ್ಬಿಸಿದರು. ಬೀಡಿ ಸೇದಲು ಹೋಗಿದ್ದ ದಲ್ಲಾಳಿ ಬರುವುದರೊಳಗೆ ನಾವು ಮೂವರೂ ಗೇಟು ದಾಟಿದ್ದೆವು.

ಹುಣಸೂರು ಬಸ್ಸಿನಲ್ಲಿ ಅವ್ವ ಅದೇ ಪ್ರಶ್ನೆ ಕೇಳಿ ಮತ್ತೆ ಮತ್ತೆ ಕೆಣಕಿದರು. ಅವಳು ನಾಚಿ ನಕ್ಕಳೇ ಹೊರತು, ಇಳಿಯುವವರೆಗೂ ಗಂಡನ ಹೆಸರು ಹೇಳಲಿಲ್ಲ.